ಡಿಸ್ಕಿನ ಸೀಮಾಪತ್ರ: ಲಿನಕ್ಸ್ ಗಣಕದಲ್ಲಿ ವಿಭಾಗಪಟ್ಟಿಯ ಅಕ್ಷರಪಾಠ

ಒಂದು ಊರಿನ ಚತುಸ್ಸೀಮೆಯನ್ನು ವಿವರಿಸುವ ಪತ್ರವು ನಷ್ಟವಾದರೆ ಊರಿನ ಭೂಮಿಯೇನೂ ನಷ್ಟವಾಗುವುದಿಲ್ಲ. ಗದ್ದೆ ಬೆದ್ದಲು ತೋಟಗಳೆಲ್ಲವೂ ಇದ್ದಲ್ಲಿಯೇ ಇರುವುವು. ಆದರೆ ಯಾವ ಬದುವಿನಿಂದ ಯಾವ ಬದುವಿನವರೆಗೆ ಯಾರ ಸ್ವತ್ತೆಂಬುದನ್ನು ಹೇಳುವ ಆಧಾರವಿಲ್ಲದೆ, ಇದ್ದ ಭೂಮಿಯೂ ಇಲ್ಲದಂತೆಯೇ ಆಗುವುದು. ಗಣಕಯಂತ್ರದ ಹಾರ್ಡ್ ಡಿಸ್ಕಿಗೂ ಈ ಮಾತು ಅನ್ವಯಿಸುತ್ತದೆ. ಡಿಸ್ಕಿನ ವಿಸ್ತಾರವನ್ನು ಕೆಲವು ವಿಭಾಗಗಳಾಗಿ ಹಂಚಿ, ಪ್ರತಿಯೊಂದರ ಆರಂಭವನ್ನೂ ಅಳತೆಯನ್ನೂ ಡಿಸ್ಕಿನಲ್ಲಿಯೇ ಒಂದು ಚಿಕ್ಕ ಪಟ್ಟಿಯಾಗಿ ಬರೆದಿಡುವುದು ರೂಢಿ. ಆ ಪಟ್ಟಿಯ ಕೆಲವೇ ಬೈಟುಗಳು ಕೆಟ್ಟರೆ ಸಾಕು, ಕೋಟ್ಯಂತರ ಬೈಟುಗಳು ಅಳಿಯದೆಯೇ ಕೈತಪ್ಪಿಹೋಗುವುವು. ಅದನ್ನು ಮನುಷ್ಯರು ಓದಬಲ್ಲ ಅಕ್ಷರಗಳಲ್ಲಿ ಹೊರಕ್ಕೆ ತೆಗೆದಿಡುವ ಪದ್ಧತಿಯು ಲಿನಕ್ಸ್ ವ್ಯವಸ್ಥೆಯಲ್ಲಿ ಹೇಗೆ ಬೆಳೆದುಬಂದಿತೆಂಬುದು ವಿಚಾರಾರ್ಹವಾದ ವಿಷಯವಾಗಿದೆ.

ಪಟ್ಟಿಯನ್ನು ತೆರೆಯ ಮೇಲೆ ತೋರಿಸುವುದು ಕೇವಲ ಯಾಂತ್ರಿಕವಾದ ಕೆಲಸ, ಅದಕ್ಕೆ ಚರಿತ್ರೆಯೆಂಬುದೇನು ಎಂದು ಕೆಲವರಿಗೆ ತೋರಬಹುದು. ಈ ಅಭಿಪ್ರಾಯವು ಸಾಧುವಲ್ಲ. ಡಿಸ್ಕಿನಲ್ಲಿರುವುದು ಬೈಟುಗಳು, ಅವುಗಳನ್ನು ಓದಿ ಬರೆಯುವಾಗ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು, ಯಾವ ಮಾನದಲ್ಲಿ ಹೇಳಬೇಕು ಎಂಬುದನ್ನು ಬರೆಯುವವನು ನಿಶ್ಚಯಿಸಲೇಬೇಕು. ಶಿಲಾಶಾಸನದ ಮೇಲೆ ಕಾಗದವನ್ನು ಒತ್ತಿ ತೆಗೆದ ಪಡಿಯಚ್ಚೇ ಬೇರೆ, ಅದನ್ನು ಓದಿ ಬರೆದ ಪಾಠವೇ ಬೇರೆ. ವಿಭಾಗಪಟ್ಟಿಯ ಅಕ್ಷರರೂಪವು ಪಾಠದ ಜಾತಿಗೆ ಸೇರಿದುದು. ಪಾಠವು ತಪ್ಪಾದರೆ ಆಗುವ ಅನರ್ಥವೂ, ಸರಿಯಾದರೆ ದೊರೆಯುವ ರಕ್ಷೆಯೂ ಮುಂದೆ ಹೇಳುವ ಸಂಗತಿಗಳಿಂದ ವಿಶದವಾಗುವುವು.

ಈ ಚರಿತ್ರೆಯ ಮೊದಲ ಘಟ್ಟವು ಲಿನಕ್ಸಿಗಿಂತ ಬಹು ಹಿಂದಿನದು. ೧೯೭೫ನೆಯ ಇಸವಿಯಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಿಂದ ಹೊರಬಂದ ಯೂನಿಕ್ಸಿನ ಆರನೆಯ ಆವೃತ್ತಿಯಲ್ಲಿ ಡಿಸ್ಕಿನ ಮೇಲೆ ವಿಭಾಗಪಟ್ಟಿಯೆಂಬುದೇ ಇರಲಿಲ್ಲ. ಪಿಡಿಪಿ-೧೧ ಯಂತ್ರದ ಡಿಸ್ಕನ್ನು ನಡೆಸುವ ಕ್ರಮವಿಧಿಯನ್ನು ಸಿ ಭಾಷೆಯಲ್ಲಿ ಬರೆದಿದ್ದರಷ್ಟೆ. ವಿಭಾಗಗಳ ಅಳತೆಯೂ ಆರಂಭಸ್ಥಾನವೂ ಆ ಮೂಲಪಾಠದೊಳಗೆ ಅಂಕಿಗಳ ಒಂದು ಕೋಷ್ಟಕವಾಗಿ ಸೇರಿದ್ದುವು. ಎಲ್ಲೆಯನ್ನು ಬದಲಾಯಿಸಬೇಕಾದರೆ ಆ ಅಂಕಿಗಳನ್ನು ತಿದ್ದಿ ವ್ಯವಸ್ಥೆಯನ್ನೇ ಮತ್ತೆ ಕಟ್ಟಬೇಕಾಗಿತ್ತು. ಎಂದರೆ ಆ ಕಾಲದಲ್ಲಿ ಅಕ್ಷರಪಾಠವೇ ಮೂಲ, ಡಿಸ್ಕು ಅದನ್ನು ಅನುಸರಿಸುವುದು. ಡಿಸ್ಕನ್ನು ಕಳಚಿ ಬೇರೆ ಯಂತ್ರಕ್ಕೆ ಒಯ್ದರೆ ಎಲ್ಲೆಯ ತಿಳಿವಳಿಕೆಯು ಹಳೆಯ ಯಂತ್ರದಲ್ಲಿಯೇ ಉಳಿಯುತ್ತಿತ್ತು. ಈ ತೊಡಕನ್ನು ನಿವಾರಿಸಲು ಎಲ್ಲೆಗಳನ್ನು ಡಿಸ್ಕಿನ ಮೇಲೆಯೇ ಬರೆಯುವ ಕ್ರಮವು ಬಂದಿತು. ಕ್ಯಾಲಿಫೋರ್ನಿಯದ ಬರ್ಕ್‌ಲಿಯ ಯೂನಿಕ್ಸಿನಲ್ಲಿ ೧೯೮೮ರ ಟಾಹೋ ಆವೃತ್ತಿಯೊಡನೆ ಡಿಸ್ಕ್‌ಲೇಬಲ್ ಎಂಬ ಸಾಧನವು ಕಾಣಿಸಿಕೊಂಡಿತು. ಅದು ಪಟ್ಟಿಯನ್ನು ಅಕ್ಷರಗಳಲ್ಲಿ ಬರೆದು ಕೊಡುವುದು. ಆ ಬರೆಹವನ್ನೇ ಮತ್ತೆ ಕೊಟ್ಟರೆ ಡಿಸ್ಕಿನ ಮೇಲೆ ಪಟ್ಟಿಯನ್ನು ಪ್ರತಿಷ್ಠಾಪಿಸುವುದು. ಆದುದರಿಂದ ಪಾಠದಿಂದ ಪಟ್ಟಿಯನ್ನು ಪುನಃ ಕಟ್ಟುವ ಯುಕ್ತಿಯು ಲಿನಕ್ಸಿನವರದೇ ಎಂದು ಹೇಳುವುದು ಅತಿಶಯೋಕ್ತಿಯಾದೀತು.

ಲಿನಕ್ಸಿಗೆ ಒದಗಿದ ಪಟ್ಟಿಯಾದರೋ ಬೇರೊಂದು ವಂಶದ್ದು. ೧೯೮೩ನೆಯ ಮಾರ್ಚ್ ತಿಂಗಳಲ್ಲಿ ಐಬಿಎಂ ಸಂಸ್ಥೆಯು ೧೦ ಮೆಗಾಬೈಟುಗಳ ಹಾರ್ಡ್ ಡಿಸ್ಕುಳ್ಳ ಪಿಸಿ ಎಕ್ಸ್‌ಟಿ ಯಂತ್ರವನ್ನೂ ಅದರೊಡನೆ ಡಾಸ್ ವ್ಯವಸ್ಥೆಯ ಎರಡನೆಯ ಆವೃತ್ತಿಯನ್ನೂ ಹೊರತಂದಿತು. ಒಂದೇ ಡಿಸ್ಕಿನಲ್ಲಿ ಬೇರೆಬೇರೆ ವ್ಯವಸ್ಥೆಗಳು ಒಟ್ಟಿಗೆ ಬಾಳುವಂತೆ ಮಾಡುವುದು ಆಗ ರೂಪಿಸಿದ ಪಟ್ಟಿಯ ಉದ್ದೇಶವಾಗಿತ್ತು. ಡಿಸ್ಕಿನ ಮೊತ್ತಮೊದಲ ಸೆಕ್ಟರಿನ ೫೧೨ ಬೈಟುಗಳಲ್ಲಿ ೪೪೬ನ್ನು ಯಂತ್ರವನ್ನು ಎಬ್ಬಿಸುವ ಕ್ರಮವಿಧಿಗೆ ಬಿಟ್ಟು, ಅನಂತರ ತಲಾ ೧೬ ಬೈಟುಗಳ ನಾಲ್ಕು ದಾಖಲೆಗಳಿಗೆ ೬೪ ಬೈಟುಗಳನ್ನೂ, ಕೊನೆಯಲ್ಲಿ ಮುದ್ರೆಯಂತಿರುವ ಗುರುತಿಗೆ ೨ ಬೈಟುಗಳನ್ನೂ ಮೀಸಲಿಟ್ಟರು. ಪ್ರತಿಯೊಂದು ದಾಖಲೆಯೂ ಎಲ್ಲೆಯನ್ನು ಎರಡು ಬಗೆಯಾಗಿ ಹೇಳುವುದೆಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಮೊದಲನೆಯದು ಸಿಲಿಂಡರ್, ಹೆಡ್, ಸೆಕ್ಟರ್ ಎಂಬ ಮೂರು ಅಂಕಿಗಳ ವಿಳಾಸ. ಇದು ಯಂತ್ರದ ಅಂಗರಚನೆಯನ್ನು ಅನುಸರಿಸಿದುದು. ಎರಡನೆಯದು ಡಿಸ್ಕಿನ ಆದಿಯಿಂದ ಸಾಲಾಗಿ ಎಣಿಸಿದ ಸೆಕ್ಟರುಗಳ ಸಂಖ್ಯೆ. ಒಂದೇ ಎಲ್ಲೆಗೆ ಎರಡು ಸಾಕ್ಷಿಗಳು! ಅವು ಒಂದಕ್ಕೊಂದು ಹೊಂದಿರುವವರೆಗೆ ಚಿಂತೆಯಿಲ್ಲ.

೧೯೯೧ನೆಯ ಇಸವಿಯಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸರು ಪ್ರಕಟಿಸಿದ ಲಿನಕ್ಸಿನ ಪ್ರಥಮ ಆವೃತ್ತಿಯೇ ಈ ಪಟ್ಟಿಯನ್ನು ಓದುತ್ತಿತ್ತು. ಮೊದಲು ಕೊನೆಯ ಎರಡು ಬೈಟುಗಳ ಮುದ್ರೆಯನ್ನು ಪರೀಕ್ಷಿಸಿ, ಅದು ಸರಿಯಿದ್ದರೆ ನಾಲ್ಕೂ ದಾಖಲೆಗಳಿಂದ ಆರಂಭದ ಸೆಕ್ಟರನ್ನೂ ಸೆಕ್ಟರುಗಳ ಮೊತ್ತವನ್ನೂ ಮಾತ್ರ ಅದು ತೆಗೆದುಕೊಳ್ಳುವುದು. ಮೂರಂಕಿಯ ವಿಳಾಸದ ಗೊಡವೆಗೆ ಹೋಗುವುದಿಲ್ಲ. ಎರಡು ಸಾಕ್ಷಿಗಳಲ್ಲಿ ಯಾವುದನ್ನು ನಂಬಬೇಕೆಂಬ ಪ್ರಶ್ನೆಗೆ ಲಿನಕ್ಸು ಹುಟ್ಟಿದಂದೇ ಉತ್ತರವನ್ನು ಕೊಟ್ಟಿತೆಂದು ಹೇಳಬಹುದು. ಹಾಗಿದ್ದರೂ ಹಳೆಯ ಯೂನಿಕ್ಸಿನ ಅಭ್ಯಾಸವು ಪೂರ್ತಿಯಾಗಿ ಬಿಟ್ಟುಹೋಗಿರಲಿಲ್ಲ: ಯಾವ ವಿಭಾಗವನ್ನು ಮೂಲವೆಂದು ಭಾವಿಸಬೇಕೆಂಬ ಅಂಕಿಯು ಆ ಆವೃತ್ತಿಯ ಮೂಲಪಾಠದಲ್ಲಿಯೇ ಬರೆದಿತ್ತು.

ಪಟ್ಟಿಯನ್ನು ಜನರಿಗೆ ತೋರಿಸುವ ಸಾಧನವನ್ನು ೧೯೯೨ರಲ್ಲಿ ರಚಿಸಿದವರು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಗಣಕಕೇಂದ್ರದ ಲೆ ಬ್ಲಾಂಕ್ ಎಂಬುವರು. ಲಿನಕ್ಸಿನ ಅತಿ ಪ್ರಾಚೀನ ವಿತರಣೆಗಳಲ್ಲಿ ಒಂದನ್ನು ಅದೇ ವರ್ಷ ಸಿದ್ಧಪಡಿಸಿದವರೂ ಅವರೇ. ಅವರ ಸಾಧನಕ್ಕೆ ಡಾಸಿನ ಸಾಧನದ ಹೆಸರೇ ಬಂದು ಎಫ್‌ಡಿಸ್ಕ್ ಎಂದಾಯಿತು. ಎಲ್ ಎಂಬ ಸಂಕೇತವನ್ನು ಸೇರಿಸಿ ಆಜ್ಞಾಪಿಸಿದರೆ ಅದು ಪಟ್ಟಿಯನ್ನು ಸಾಲುಸಾಲಾಗಿ ಬರೆದು ಸುಮ್ಮನಾಗುವುದು. ಪ್ರತಿ ಸಾಲಿನಲ್ಲಿ ವಿಭಾಗದ ಹೆಸರು, ಎಬ್ಬಿಸತಕ್ಕ ವಿಭಾಗವಾದರೆ ಒಂದು ನಕ್ಷತ್ರಚಿಹ್ನೆ, ಆರಂಭ, ಅಂತ್ಯ, ಬ್ಲಾಕುಗಳ ಎಣಿಕೆ, ಜಾತಿಯ ಅಂಕಿ, ಜಾತಿಯ ಹೆಸರು—ಇಷ್ಟಿರುವುವು. ಹದಿನಾರರ ಮಾನದಲ್ಲಿ ಬರೆದ ೮೩ ಎಂಬ ಅಂಕಿಯು ಲಿನಕ್ಸಿನ ಸ್ವಂತ ವಿಭಾಗವನ್ನೂ, ೮೨ ಎಂಬುದು ಸ್ಮೃತಿಯ ಹೊರೆಯನ್ನು ಇಳಿಸಿಡುವ ಸ್ವಾಪ್ ವಿಭಾಗವನ್ನೂ ಸೂಚಿಸುವುವು.

ಈ ಪಾಠವು ಕಣ್ಣಿಗೆ ಇಂಪಾಗಿದ್ದಿತೇ ಹೊರತು ದಾಖಲೆಯಾಗಿ ದೃಢವಾಗಿರಲಿಲ್ಲ. ಆರಂಭ ಮತ್ತು ಅಂತ್ಯಗಳನ್ನು ಅದು ಬಹುಕಾಲ ಸಿಲಿಂಡರುಗಳ ಲೆಕ್ಕದಲ್ಲಿ ಹೇಳುತ್ತಿತ್ತು. ೨೫೫ ಹೆಡ್ಡುಗಳೂ ಸುತ್ತಿಗೆ ೬೩ ಸೆಕ್ಟರುಗಳೂ ಇವೆಯೆಂದು ಭಾವಿಸಿದರೆ ಒಂದು ಸಿಲಿಂಡರಿಗೆ ೧೬,೦೬೫ ಸೆಕ್ಟರುಗಳಾಗುವುವು; ವಿಭಾಗವು ಸಿಲಿಂಡರಿನ ನಡುವೆ ಎಲ್ಲಿ ಮೊದಲಾದರೂ ಪಟ್ಟಿಯಲ್ಲಿ ಕಾಣುವುದು ಒಂದೇ ಅಂಕಿ. ಬ್ಲಾಕೆಂದರೆ ೧,೦೨೪ ಬೈಟುಗಳು, ಎಂದರೆ ಎರಡು ಸೆಕ್ಟರುಗಳು. ಒಂದೇ ಸಿಲಿಂಡರಿನ ವಿಭಾಗದಲ್ಲಿ ಎಂಟು ಸಾವಿರದ ಮೂವತ್ತೆರಡೂವರೆ ಬ್ಲಾಕುಗಳಾಗುವುದರಿಂದ ಅದನ್ನು ‘೮೦೩೨+’ ಎಂದು ಬರೆದು, ಮಿಕ್ಕ ಅರ್ಧವನ್ನು ಕೂಡುಚಿಹ್ನೆಯಿಂದ ಸೂಚಿಸುತ್ತಿದ್ದರು. ಹೊಲದ ಅಳತೆಯನ್ನು ‘ಆರು ಎಕರೆ ಚಿಲ್ಲರೆ’ ಎಂದು ಬರೆದ ಪತ್ರದಂತೆ ಇದೂ ಒಂದು. ಇಂತಹ ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿಟ್ಟುಕೊಂಡವನು ಆಪತ್ಕಾಲದಲ್ಲಿ ಎಲ್ಲೆಯನ್ನು ಅಜಮಾಸಾಗಿ ಊಹಿಸಬಹುದಾಗಿತ್ತೇ ಹೊರತು ನಿಶ್ಚಯಿಸಲಾಗುತ್ತಿರಲಿಲ್ಲ. ಸೆಕ್ಟರುಗಳ ಲೆಕ್ಕವನ್ನೇ ಕೇಳಿ ಪಡೆಯಲು ಬೇರೆ ಸಂಕೇತವೊಂದಿದ್ದಿತೆಂಬುದು ನಿಜ. ಆದರೆ ಸೆಕ್ಟರುಗಳೇ ಸಹಜಮಾನವಾದುದು ೨೦೧೦ರಲ್ಲಿ.

ದಾಖಲೆಯೆಂಬ ಹೆಸರಿಗೆ ಯೋಗ್ಯವಾದ ಪಾಠವನ್ನು ಲಿನಕ್ಸಿಗೆ ಒದಗಿಸಿದವರು ಹಾಲೆಂಡಿನ ಆಂಡ್ರೀಸ್ ಬ್ರೌವರ್. ಇವರು ಐಂಡ್‌ಹೋವನ್ನಿನ ತಾಂತ್ರಿಕ ವಿಶ್ವವಿದ್ಯಾನಿಲಯದ ಗಣಿತಜ್ಞರು. ಗ್ರಾಫುಗಳ ಸಿದ್ಧಾಂತದಲ್ಲಿ ಪ್ರಖ್ಯಾತರು. ಹ್ಯಾಕ್ ಎಂಬ ಗಣಕಕ್ರೀಡೆಯನ್ನು ೧೯೮೪ರಲ್ಲಿ ಹಂಚಿ ಲೋಕಪ್ರಿಯರಾದವರು. ದೊಡ್ಡ ಡಿಸ್ಕುಗಳ ವಿಷಯವಾಗಿ ಇವರು ಬರೆದ ಕೈಪಿಡಿಯು ಆ ಕಾಲದ ಲಿನಕ್ಸ್ ಬಳಕೆದಾರರಿಗೆ ಪ್ರಮಾಣಗ್ರಂಥದಂತಿದ್ದಿತು. ೧೯೯೫ರಲ್ಲಿ ಇವರು ಎಸ್‌ಎಫ್‌ಡಿಸ್ಕ್ ಎಂಬ ಸಾಧನವನ್ನು ರಚಿಸಿದರು. ಡಿ ಎಂಬ ಸಂಕೇತವನ್ನು ಕೊಟ್ಟರೆ ಅದು ಹೊರಡಿಸುವ ಪಾಠದಲ್ಲಿ ಅಲಂಕಾರವಿಲ್ಲ. ಮಾನವು ಸೆಕ್ಟರ್ ಎಂದು ಮೊದಲು ಸಾರಿ, ಪ್ರತಿ ವಿಭಾಗಕ್ಕೂ ಒಂದೊಂದು ಸಾಲಿನಲ್ಲಿ ಹೆಸರು, ಆರಂಭ, ಅಳತೆ, ಜಾತಿ, ಎಬ್ಬಿಸತಕ್ಕುದೋ ಅಲ್ಲವೋ ಎಂಬುದು—ಇಷ್ಟನ್ನೇ ಹೇಳುವುದು. ಇದೇ ಪಾಠವನ್ನು ಅದಕ್ಕೇ ತಿರುಗಿ ಕೊಟ್ಟರೆ ಪಟ್ಟಿಯು ಡಿಸ್ಕಿನ ಮೇಲೆ ಪುನಃ ಬರೆಯಲ್ಪಡುವುದು. ಲಿನಕ್ಸಿನ ಹಳೆಯ ಕೈಪಿಡಿಪುಟವೊಂದರಲ್ಲಿ ವಿಭಾಗಸಾಧನಗಳನ್ನು ಪ್ರಯೋಗಿಸಬೇಕಾದ ಕ್ರಮವನ್ನು ಹೇಳುವಾಗ ಎಸ್‌ಎಫ್‌ಡಿಸ್ಕನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟಿರುವರು. ಸಾಮಾನ್ಯರಿಗೆ ಅದು ಹಿತವಾದ ಸಲಹೆಯೇ ಸರಿ. ಈ ಸಾಧನವು ಕೇಳಿದುದನ್ನು ಮರುಪ್ರಶ್ನೆಯಿಲ್ಲದೆ ಮಾಡಿಬಿಡುವುದು.

ಮೊದಲ ಸೆಕ್ಟರನ್ನೇ ಬೈಟಿಗೆ ಬೈಟು ನಕಲು ಮಾಡಿಟ್ಟುಕೊಂಡರೆ ಸಾಲದೆ, ಪಾಠದ ಹಂಗೇಕೆ ಎಂಬ ಆಕ್ಷೇಪವನ್ನು ಹಲವರು ಎತ್ತುವುದುಂಟು. ಹಾಗೆ ನಕಲು ಮಾಡುವ ವಾಡಿಕೆಯೂ ಇದ್ದಿತು. ಆದರೆ ಈ ಪಡಿಯಚ್ಚಿನಲ್ಲಿ ಒಂದು ದೊಡ್ಡ ಕೊರತೆಯಿದೆ. ನಾಲ್ಕೇ ದಾಖಲೆಗಳು ಸಾಲದೆ ಬಂದಾಗ, ಅವುಗಳಲ್ಲೊಂದನ್ನು ವಿಸ್ತೃತವಿಭಾಗವನ್ನಾಗಿ ಮಾಡಿ ಅದರೊಳಗೆ ಉಪವಿಭಾಗಗಳನ್ನು ಸರಪಳಿಯಂತೆ ಕಟ್ಟುವ ಕ್ರಮವು ಬಂದಿದ್ದಿತು. ಆ ಸರಪಳಿಯ ಕೊಂಡಿಗಳು ಡಿಸ್ಕಿನ ಉದ್ದಕ್ಕೂ ಚದರಿಕೊಂಡಿರುವುವು. ಮೊದಲ ೫೧೨ ಬೈಟುಗಳಲ್ಲಿ ಅವುಗಳ ಸುಳಿವಿಲ್ಲ. ಎಸ್‌ಎಫ್‌ಡಿಸ್ಕು ಸರಪಳಿಯನ್ನು ಕೊನೆಯವರೆಗೆ ಹಿಂಬಾಲಿಸಿ ಎಲ್ಲವನ್ನೂ ಒಂದೇ ಪುಟದಲ್ಲಿ ಬರೆದುಕೊಡುವುದು. ಅಲ್ಲಿಯೂ ಅಚ್ಚಿಗಿಂತ ಪಾಠವೇ ಪೂರ್ಣವಾದುದು.

ಇಂತಹ ಪುಟವೊಂದು ಕೈಯಲ್ಲಿದ್ದುದರ ಬೆಲೆಯು ೧೯೯೯ನೆಯ ಏಪ್ರಿಲ್ ೨೬ರಂದು ಅನೇಕರಿಗೆ ತಿಳಿದುಬಂದಿರಬೇಕು. ಹಿಂದಿನ ವರ್ಷ ತೈವಾನಿನಲ್ಲಿ ಹುಟ್ಟಿ ವಿಂಡೋಸ್ ೯೫ ಮತ್ತು ೯೮ರ ಯಂತ್ರಗಳಲ್ಲಿ ಹರಡಿದ್ದ ಸಿಐಎಚ್ ಎಂಬ ವೈರಸ್ಸು ಅಂದು ಎಚ್ಚೆತ್ತು, ಡಿಸ್ಕಿನ ಮೊದಲ ಒಂದು ಮೆಗಾಬೈಟನ್ನು ಸೊನ್ನೆಗಳಿಂದ ತುಂಬಿತು. ವಿಂಡೋಸಿನ ಪಕ್ಕದಲ್ಲಿಯೇ ಲಿನಕ್ಸನ್ನೂ ಇರಿಸಿಕೊಂಡಿದ್ದ ಯಂತ್ರಗಳಲ್ಲಿ ಲಿನಕ್ಸಿನ ಕಡತಗಳು ಬಹುಮಟ್ಟಿಗೆ ಅಕ್ಷತವಾಗಿದ್ದರೂ ಅವುಗಳ ಎಲ್ಲೆ ತಿಳಿಯದೆ ಹೋಗುವುದು ಸಹಜ. ಪಾಠವಿಲ್ಲದವರಿಗೆ ಉಳಿದ ಮಾರ್ಗವೆಂದರೆ ಡಿಸ್ಕನ್ನು ಆದ್ಯಂತವಾಗಿ ಶೋಧಿಸಿ ಕಡತವ್ಯವಸ್ಥೆಗಳ ಕುರುಹುಗಳಿಂದ ಎಲ್ಲೆಯನ್ನು ಊಹಿಸುವುದು. ಫ್ರಾನ್ಸಿನ ಕ್ರಿಸ್ತೋಫ್ ಗ್ರೆನಿಯೇ ಅವರ ಟೆಸ್ಟ್‌ಡಿಸ್ಕ್ ಎಂಬ ಸಾಧನವು ಇದೇ ಕೆಲಸಕ್ಕಾಗಿ ಹುಟ್ಟಿದುದು.

ಪಾಠದ ಸತ್ತ್ವವು ನಿಜವಾಗಿ ಒರೆಗೆ ಹತ್ತಿದುದು ೨೦೦೪ರಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ಫೆಡೋರಾ ಕೋರ್ ಎಂಬ ವಿತರಣೆಯ ಎರಡನೆಯ ಆವೃತ್ತಿಯು ಹೊರಬಿದ್ದಿತು. ಅದನ್ನು ವಿಂಡೋಸ್ ಎಕ್ಸ್‌ಪಿಯ ಪಕ್ಕದಲ್ಲಿ ಸ್ಥಾಪಿಸಿದ ಎಷ್ಟೋ ಮಂದಿಗೆ, ಲಿನಕ್ಸು ಸುಖವಾಗಿ ನಡೆಯುತ್ತಿದ್ದರೂ ವಿಂಡೋಸು ಮಾತ್ರ ಏಳದಾಯಿತು. ಕಡತಗಳು ಅಳಿದುವೆಂದು ಹೆದರಿ ಡಿಸ್ಕನ್ನು ಪೂರ್ತಿಯಾಗಿ ಒರಸಿ ಮೊದಲಿನಿಂದ ಆರಂಭಿಸುವ ಯೋಚನೆಯು ಇಂತಹ ಸಮಯದಲ್ಲಿ ಯಾರಿಗಾದರೂ ಬರತಕ್ಕುದೇ. ವಾಸ್ತವವಾಗಿ ಒಂದು ಕಡತವೂ ಅಳಿದಿರಲಿಲ್ಲ. ಕೆಟ್ಟುದು ಪಟ್ಟಿಯ ಎರಡು ಸಾಕ್ಷಿಗಳಲ್ಲಿ ಒಂದು ಮಾತ್ರ.

ಇದರ ಕಾರಣವನ್ನು ಸ್ವಲ್ಪ ವಿಸ್ತರಿಸಬೇಕಾಗಿದೆ. ೨೦೦೩ನೆಯ ಡಿಸೆಂಬರಿನಲ್ಲಿ ಬಂದ ಲಿನಕ್ಸಿನ ೨.೬ನೆಯ ಕರ್ನೆಲ್, ಯಂತ್ರದ ಬಯೋಸು ಡಿಸ್ಕಿಗೆ ಎಷ್ಟು ಹೆಡ್ಡುಗಳಿವೆಯೆಂದು ಭಾವಿಸಿರುವುದೋ ಅದನ್ನು ತಿಳಿದು ಹೇಳುವ ಪ್ರಯತ್ನವನ್ನು ಕೈಬಿಟ್ಟಿತು. ಕರ್ನೆಲಿಗೆ ಆ ಲೆಕ್ಕವು ಬೇಕಾಗಿಯೂ ಇರಲಿಲ್ಲ. ಆದರೆ ಸ್ಥಾಪನೆಯ ಕಾಲದಲ್ಲಿ ಪಟ್ಟಿಯನ್ನು ಬರೆಯುತ್ತಿದ್ದ ಪಾರ್ಟೆಡ್ ಎಂಬ ಸಾಧನವು ೨೫೫ ಹೆಡ್ಡುಗಳ ಬದಲು ೧೬ ಹೆಡ್ಡುಗಳೆಂದು ನಂಬಿ ಮೂರಂಕಿಯ ವಿಳಾಸಗಳನ್ನು ಹೊಸದಾಗಿ ಗಣಿಸಿ ಬರೆಯಿತು. ಹತ್ತು ಲಕ್ಷದ ಅಂಕವುಳ್ಳ ಸೆಕ್ಟರನ್ನು ಉದಾಹರಣೆಗೆ ತೆಗೆದುಕೊಂಡರೆ, ೨೫೫ ಹೆಡ್ಡುಗಳ ಲೆಕ್ಕದಲ್ಲಿ ಅದರ ವಿಳಾಸವು ಸಿಲಿಂಡರ್ ೬೨, ಹೆಡ್ ೬೩, ಸೆಕ್ಟರ್ ೨ ಎಂದಾಗುವುದು. ೧೬ ಹೆಡ್ಡುಗಳ ಲೆಕ್ಕದಲ್ಲಿ ಸಿಲಿಂಡರ್ ೯೯೨, ಹೆಡ್ ೧, ಸೆಕ್ಟರ್ ೨ ಎಂದಾಗುವುದು. ಸ್ಥಳವೊಂದೇ, ವಿಳಾಸ ಬೇರೆ. ಸಾಲೆಣಿಕೆಯನ್ನು ಮಾತ್ರ ನಂಬುವ ಲಿನಕ್ಸಿಗೆ ಇದರಿಂದ ಯಾವ ಬಾಧೆಯೂ ಇಲ್ಲ. ಕೆಲವು ಬಯೋಸುಗಳಾದರೋ ಪಟ್ಟಿಯಲ್ಲಿ ಬರೆದ ವಿಳಾಸಗಳನ್ನು ನೋಡಿಯೇ ಡಿಸ್ಕಿನ ಅಂಗರಚನೆಯನ್ನು ಊಹಿಸಿಕೊಳ್ಳುತ್ತಿದ್ದುವು. ಹಳೆಯ ಲೆಕ್ಕವನ್ನೇ ನೆಚ್ಚಿದ್ದ ವಿಂಡೋಸಿನ ಎಬ್ಬಿಸುವಿಧಿಗೆ ದಾರಿ ತಪ್ಪಿತು.

ಈ ರೋಗಕ್ಕೆ ದೊರೆತ ಮದ್ದು ಒಂದೇ ಸಾಲಿನ ಆಜ್ಞೆ. ಎಸ್‌ಎಫ್‌ಡಿಸ್ಕಿನಿಂದ ಪಟ್ಟಿಯ ಪಾಠವನ್ನು ತೆಗೆದು, ಅದನ್ನು ಕಡತದಲ್ಲಿಯೂ ಇಡದೆ ನೇರವಾಗಿ ಇನ್ನೊಂದು ಎಸ್‌ಎಫ್‌ಡಿಸ್ಕಿಗೆ ಹಾಯಿಸಿ, ಈ ಎರಡನೆಯದಕ್ಕೆ ಹೆಡ್ಡುಗಳು ೨೫೫ ಎಂದು ತಿಳಿಸುವುದು—ಇಷ್ಟೇ. ಹಾಗೆ ಮಾಡಿದೊಡನೆ ವಿಂಡೋಸು ಎಂದಿನಂತೆ ಎದ್ದುಬರುತ್ತಿತ್ತು. ಈ ಮದ್ದು ಫಲಿಸಿದುದೇಕೆ? ಆ ಪಾಠದಲ್ಲಿ ಮೂರಂಕಿಯ ವಿಳಾಸವೇ ಇಲ್ಲದಿರುವುದರಿಂದ! ಬ್ರೌವರರು ೧೯೯೫ರಲ್ಲಿ ಪಾಠವನ್ನು ರೂಪಿಸಿದಾಗ ಕೆಡಬಹುದಾದ ಸಾಕ್ಷಿಯನ್ನು ಹೊರಗಿಟ್ಟು, ಆರಂಭ ಮತ್ತು ಅಳತೆಗಳೆಂಬ ನಿಶ್ಚಿತಸಾಕ್ಷಿಯನ್ನು ಮಾತ್ರ ಉಳಿಸಿದ್ದರು. ಪಾಠದೊಳಕ್ಕೆ ದೋಷವು ಪ್ರವೇಶಿಸಲಿಲ್ಲ. ಪಾಠದಿಂದ ಮರಳಿ ಬರೆಯುವಾಗ ವಿಳಾಸಗಳು ಸರಿಯಾದ ಲೆಕ್ಕದಿಂದ ಹೊಸದಾಗಿ ಹುಟ್ಟಿದುವು. ಕೆಟ್ಟ ಮೇಲೆ ಮಾಡಿದ ಬೈಟಿಗೆ ಬೈಟಿನ ನಕಲಿನಿಂದ ಈ ಕೆಲಸವು ಎಂದಿಗೂ ಆಗುತ್ತಿರಲಿಲ್ಲ. ಅದು ದೋಷವನ್ನೂ ಯಥಾವತ್ತಾಗಿ ನಕಲು ಮಾಡುತ್ತಿತ್ತು. ಅಕ್ಷರಪಾಠವು ಮೂಲಕ್ಕಿಂತ ಶುದ್ಧವಾಗಿದ್ದು ಮೂಲವನ್ನೇ ತಿದ್ದಿದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ಲಿನಕ್ಸಿನ ಚರಿತ್ರೆಯಲ್ಲಿ ಸಿಕ್ಕುವುದು ಕಷ್ಟ.

ಡಿಸ್ಕಿನ ಮೇಲಿನ ಪಟ್ಟಿಯಲ್ಲದೆ ಕರ್ನೆಲಿನ ನೆನಪಿನಲ್ಲಿಯೂ ಒಂದು ಪಟ್ಟಿಯಿರುವುದು. ಅದನ್ನು ಪ್ರೊಕ್ ಎಂಬ ಕಾಲ್ಪನಿಕ ಕೋಶದಲ್ಲಿರುವ ಪಾರ್ಟಿಷನ್ಸ್ ಎಂಬ ಕಡತವನ್ನು ಓದಿ ತಿಳಿಯಬಹುದು. ಇದರಲ್ಲಿ ವಿಭಾಗದ ಹೆಸರೂ ಬ್ಲಾಕುಗಳ ಎಣಿಕೆಯೂ ಉಂಟು, ಆರಂಭಸ್ಥಾನವಿಲ್ಲ. ಆ ಕೊರತೆಯನ್ನು ೨.೬ನೆಯ ಕರ್ನೆಲಿನೊಡನೆ ಬಂದ ಸಿಸ್ ಎಂಬ ಇನ್ನೊಂದು ಕೋಶವು ತುಂಬಿತು. ಅಲ್ಲಿ ಪ್ರತಿ ವಿಭಾಗದ ಆರಂಭಕ್ಕೂ ಅಳತೆಗೂ ಒಂದೊಂದು ಪುಟ್ಟ ಕಡತವೇ ಇದೆ. ಡಿಸ್ಕಿನ ಮೇಲಿನ ಪಟ್ಟಿಯು ಕೈತಪ್ಪಿನಿಂದ ಅಳಿದರೂ ಯಂತ್ರವನ್ನು ಆರಿಸದೆ ಇದ್ದರೆ ಇಲ್ಲಿನ ಅಂಕಿಗಳಿಂದ ಅದನ್ನು ಪುನಃ ಬರೆಯಬಹುದು. ಗಾಬರಿಯಿಂದ ಯಂತ್ರವನ್ನು ಆರಿಸಿದವನು ಉಳಿದಿದ್ದ ಏಕಮಾತ್ರ ಪ್ರತಿಯನ್ನು ತಾನೇ ಸುಟ್ಟಂತಾಗುವುದು.

ಹಳೆಯ ಪಟ್ಟಿಯ ಸಾಲೆಣಿಕೆಗೆ ೪ ಬೈಟುಗಳೇ ಮೀಸಲಾಗಿದ್ದುದರಿಂದ, ೫೧೨ ಬೈಟುಗಳ ಸೆಕ್ಟರುಳ್ಳ ಡಿಸ್ಕಿನಲ್ಲಿ ಸುಮಾರು ೨.೨ ಟೆರಾಬೈಟುಗಳಾಚೆಗೆ ಅದು ಎಟುಕದು. ಇಂಟೆಲ್ ಸಂಸ್ಥೆಯ ಇಎಫ್‌ಐ ಯೋಜನೆಯಲ್ಲಿ ರೂಪುಗೊಂಡ ಜಿಪಿಟಿ ಎಂಬ ಹೊಸ ಪಟ್ಟಿಯಲ್ಲಿ ಸಾಮಾನ್ಯವಾಗಿ ತಲಾ ೧೨೮ ಬೈಟುಗಳ ೧೨೮ ದಾಖಲೆಗಳಿಗೆ ಸ್ಥಳವಿದೆ. ಡಿಸ್ಕಿನ ಕೊನೆಯಲ್ಲಿ ಎರಡನೆಯ ಪ್ರತಿಯೂ, ಪ್ರತಿಗಳ ಶುದ್ಧಿಯನ್ನು ಪರೀಕ್ಷಿಸುವ ಅಂಕಿಯೂ ಇವೆ. ಮೂರಂಕಿಯ ವಿಳಾಸಕ್ಕೆ ದಾಖಲೆಗಳಲ್ಲಿ ಎಡೆಯಿಲ್ಲ. ಹಳೆಯ ಸಾಧನಗಳು ಇಂತಹ ಡಿಸ್ಕನ್ನು ಖಾಲಿಯೆಂದು ಭ್ರಮಿಸದಿರಲೆಂದು ಮೊದಲ ಸೆಕ್ಟರಿನಲ್ಲಿ ಹಳೆಯ ಮಾದರಿಯ ಒಂದು ದಾಖಲೆಯನ್ನು ಬೆದರುಗೊಂಬೆಯಂತೆ ನಿಲ್ಲಿಸಿರುವರು. ಹಳೆಯ ಎಫ್‌ಡಿಸ್ಕು ಮತ್ತು ಎಸ್‌ಎಫ್‌ಡಿಸ್ಕುಗಳಿಗೆ ಕಾಣುತ್ತಿದ್ದುದು ಆ ಬೊಂಬೆಯೊಂದೇ. ಎಚ್ಚರಿಕೆಯ ಮಾತನ್ನು ಲಕ್ಷಿಸದೆ ಆಗ ಪಾಠವನ್ನು ತೆಗೆದಿಟ್ಟವನ ಬಳಿ ಉಳಿದುದು ಒಂದೇ ಸಾಲು. ಆ ಸಾಲಿನಿಂದ ಒಂದು ವಿಭಾಗವನ್ನೂ ಮರಳಿ ಪಡೆಯುವಂತಿರಲಿಲ್ಲ. ರಕ್ಷೆಯೆಂದು ನಂಬಿದ ಕಾಗದವು ಕೆಲಸಕ್ಕೆ ಬಾರದಿರುವುದು ಕಾಗದವೇ ಇಲ್ಲದಿರುವುದಕ್ಕಿಂತ ಅಪಾಯಕರವಲ್ಲವೆ? ೨೦೦೯ರಲ್ಲಿ ರಾಡ್ ಸ್ಮಿತ್ ಎಂಬುವರು ಜಿಡಿಸ್ಕ್ ಎಂಬ ಪ್ರತ್ಯೇಕ ಸಾಧನವನ್ನು ಹೊರತಂದು ಈ ಕೊರತೆಯನ್ನು ನೀಗಿದರು. ಎಫ್‌ಡಿಸ್ಕಿಗೆ ಜಿಪಿಟಿಯು ತಿಳಿದುದು ೨೦೧೩ರಲ್ಲಿ.

ಈ ನಡುವೆ ೨೦೧೧ರಲ್ಲಿ ಮಿಲಾನ್ ಬ್ರೋಜ್ ಅವರ ಎಲ್‌ಎಸ್‌ಬಿಎಲ್‌ಕೆ ಎಂಬ ಸಾಧನವು ಬಂದು, ಡಿಸ್ಕುಗಳನ್ನೂ ವಿಭಾಗಗಳನ್ನೂ ವಂಶವೃಕ್ಷದಂತೆ ಕವಲುಕವಲಾಗಿ ತೋರಿಸಿ ಎಲ್ಲರ ಕೈಗೆ ಹತ್ತಿತು. ಅದು ನೋಡುವುದಕ್ಕೆ ಮಾತ್ರ. ಅದರ ಪಾಠದಿಂದ ಪಟ್ಟಿಯನ್ನು ಕಟ್ಟಲಾಗದು.

ಎಸ್‌ಎಫ್‌ಡಿಸ್ಕನ್ನು ಕಾರೆಲ್ ಜಾಕ್ ಅವರು ಆಮೂಲಾಗ್ರವಾಗಿ ಪುನಾರಚಿಸಿ ೨೦೧೫ರಲ್ಲಿ ಪ್ರಕಟಿಸಿದರು. ಸಿಲಿಂಡರುಗಳ ಲೆಕ್ಕವನ್ನು ಅದರಿಂದ ತೆಗೆದುಹಾಕಿ ಜಿಪಿಟಿಯನ್ನು ಸೇರಿಸಿದರು. ಪಾಠದ ತಲೆಯಲ್ಲಿ ಈಗ ಪಟ್ಟಿಯ ಜಾತಿ, ಪಟ್ಟಿಯ ಗುರುತಿನ ಅಂಕಿ, ಡಿಸ್ಕಿನ ಹೆಸರುಗಳು ಬರುವುವು. ಜಿಪಿಟಿಯಾದರೆ ಪ್ರತಿ ವಿಭಾಗದ ವಿಶಿಷ್ಟಾಂಕವೂ ಬರುವುದು. ಹಿಂದೆ ಐಡಿ ಎಂದಿದ್ದ ಜಾತಿಯ ಅಂಕಣಕ್ಕೆ ಟೈಪ್ ಎಂದು ಹೆಸರಾಗಿದೆ. ಆದರೂ ಹಳೆಯ ಐಡಿ ಎಂಬ ಪದವನ್ನು ಕೊಟ್ಟರೆ ಹೊಸ ಸಾಧನವು ಅದನ್ನು ಟೈಪ್ ಎಂಬ ಅರ್ಥದಲ್ಲಿಯೇ ಸ್ವೀಕರಿಸುವುದೆಂದು ಅದರ ಕೈಪಿಡಿಯಲ್ಲಿ ಹೇಳಿರುವರು. ಬ್ರೌವರರ ಕಾಲದಲ್ಲಿ ತೆಗೆದಿಟ್ಟ ಪಾಠಗಳಲ್ಲಿ ಆ ಪದವೇ ಇರುವುದು.